ವಾರ್ಡ್, ಬಜೆಟ್, ಕಾರ್ಪೊರೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಚರಂಡಿ ಕಟ್ಟಿಕೊಂಡರೆ, ಬೀದಿ ದೀಪ ಕೆಟ್ಟರೆ, ರಸ್ತೆಯಲ್ಲಿ ಗುಂಡಿ ಬಿದ್ದರೆ ಮೊದಲು ನೆನಪಾಗುವುದು ಕಾರ್ಪೊರೇಟರ್. ಆದರೆ ಅವರ ಕೈಯಲ್ಲಿ ಏನಿದೆ, ಏನಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವಾರ್ಡ್ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಂಥ ಮಹಾನಗರ ಪಾಲಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಇವೆಲ್ಲ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ (ಕೆಎಂಸಿ) ಕಾಯ್ದೆಯಡಿ ನಡೆಯುವ ಪಾಲಿಕೆಗಳು. ಬೆಂಗಳೂರಿನದು ಬೇರೆ ಕಥೆ, ಅದು ಕೆಳಗೆ ಇದೆ.

ಕಾರ್ಪೊರೇಟರ್ ಕೆಲಸ ಅಂದರೆ ನಿಜಕ್ಕೂ ಏನು?

ತಿಂಗಳಿಗೊಮ್ಮೆ ನಡೆಯುವ ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಕೂರಬೇಕು. ತೆರಿಗೆ, ಬಜೆಟ್, ದೊಡ್ಡ ಟೆಂಡರ್‌ಗಳಿಗೆ ಒಪ್ಪಿಗೆ ಕೊಡಬೇಕು, ಇಲ್ಲವೇ ತಕರಾರು ತೆಗೆಯಬೇಕು. ಸ್ಥಾಯಿ ಸಮಿತಿಯಲ್ಲಿದ್ದರೆ ಅಲ್ಲಿಗೆ ಬರುವ ಕಡತ ನೋಡಬೇಕು. ತಮ್ಮ ವಾರ್ಡ್ ಸಮಿತಿಗೆ ಅಧ್ಯಕ್ಷರಾಗಿರಬೇಕು. ಕಾಯ್ದೆ ಹೇಳುವುದು ಹೆಚ್ಚುಕಡಿಮೆ ಇಷ್ಟೇ. ಬೆಳಗ್ಗೆ ಆರಕ್ಕೆ ‘ಕಸದ ಆಟೊ ಬಂದಿಲ್ಲ’ ಅಂತ ಬರುವ ಫೋನು, ಖಾತೆ ಆಗಿಲ್ಲ ಅಂತ ಮನೆ ಬಾಗಿಲಿಗೆ ಬರುವವರು, ಗಣೇಶನ ಪೆಂಡಾಲಿನ ಜಗಳ, ಇದ್ಯಾವುದೂ ಕಾಯ್ದೆಯಲ್ಲಿಲ್ಲ. ಆದರೆ ದಿನದ ಅರ್ಧ ಭಾಗ ಇದಕ್ಕೇ ಹೋಗುತ್ತದೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕಾರ್ಪೊರೇಟರ್ ಯಾವ ಇಂಜಿನಿಯರಿಗೂ ಮೇಲಧಿಕಾರಿ ಅಲ್ಲ. ಪಾಲಿಕೆಯ ಆಡಳಿತ ನಡೆಸುವವರು ಆಯುಕ್ತರು. ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಕಾರ್ಪೊರೇಟರ್ ಕೇಳಬಹುದು, ಒತ್ತಾಯ ಮಾಡಬಹುದು, ಸಭೆಯಲ್ಲಿ ಎದ್ದು ನಿಂತು ಅಧಿಕಾರಿಗಳಿಂದ ಉತ್ತರ ಹೇಳಿಸಬಹುದು. ತಾವೇ ಸಹಿ ಹಾಕಿ ಕೆಲಸ ಶುರು ಮಾಡಿಸಲು ಬರುವುದಿಲ್ಲ.

ಅವರ ಕೈಗೆ ವರ್ಷಕ್ಕೆ ಎಷ್ಟು ದುಡ್ಡು ಬರುತ್ತದೆ?

ಕೈಗೆ ಬರುವುದು ಗೌರವಧನ ಮಾತ್ರ, ಅದೂ ಸಣ್ಣ ಮೊತ್ತ. ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಅದನ್ನು ಕೇಳಿದವರು ಕಾರ್ಪೊರೇಟರಿಗೂ ಅಂಥದ್ದೇನೋ ಇದೆ ಅಂದುಕೊಳ್ಳುತ್ತಾರೆ. ಹಾಗೆ ಇಲ್ಲ. ‘ವಾರ್ಡ್ ಅನುದಾನ’ ಅಂತ ನೀವು ಕೇಳುವುದು ಪಾಲಿಕೆಯ ಬಜೆಟ್‌ನಲ್ಲಿರುವ ಒಂದು ಸಾಲು. ಅದು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಪಾಲಿಕೆಯಲ್ಲಿ ದುಡ್ಡಿಲ್ಲದ ವರ್ಷ ಆ ಸಾಲು ಕಾಗದದಲ್ಲೇ ಉಳಿಯುತ್ತದೆ.

ಹಾಗಾದರೆ ಕಾರ್ಪೊರೇಟರ್ ಹತ್ತಿರ ಇರುವುದೇನು? ಪಟ್ಟಿ. ವಾರ್ಡಿನಲ್ಲಿ ಮೊದಲು ಯಾವ ಕೆಲಸ, ಆಮೇಲೆ ಯಾವುದು ಅಂತ ಬರೆದು ಇಂಜಿನಿಯರಿಗೆ ಕೊಡುವ ಪಟ್ಟಿ. ನಿಮ್ಮ ಬೀದಿ ಆ ಪಟ್ಟಿಯಲ್ಲಿ ಎಷ್ಟನೆಯದು ಅನ್ನುವುದೇ ಮುಖ್ಯ.

ಪಾಲಿಕೆಗೆ ದುಡ್ಡು ಎಲ್ಲಿಂದ ಬರುತ್ತದೆ?

ಸ್ವಂತ ಆದಾಯದಲ್ಲಿ ದೊಡ್ಡದು ಆಸ್ತಿ ತೆರಿಗೆ. ಜೊತೆಗೆ ನೀರಿನ ಕರ (ನೀರು ಪಾಲಿಕೆಯ ಕೈಯಲ್ಲಿದ್ದರೆ), ಟ್ರೇಡ್ ಲೈಸೆನ್ಸ್, ಕಟ್ಟಡ ಪರವಾನಗಿ ಶುಲ್ಕ, ಪಾಲಿಕೆ ಮಳಿಗೆಗಳ ಬಾಡಿಗೆ. ಈ ಮಳಿಗೆಗಳ ಬಾಡಿಗೆ ವಿಷಯ ಒಮ್ಮೆ ನಿಮ್ಮೂರಲ್ಲಿ ಕೇಳಿ ನೋಡಿ. ಎಷ್ಟೋ ಕಡೆ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಇನ್ನೂ ಹಳೇ ಕಾಲದ ಬಾಡಿಗೆ ನಡೆಯುತ್ತಿರುತ್ತದೆ. ಮರುಹರಾಜು ಅಂದ ಕೂಡಲೇ ಎಲ್ಲ ಪಕ್ಷದವರೂ ಒಂದಾಗುತ್ತಾರೆ.

ಹೊರಗಿನಿಂದ ಬರುವುದು ರಾಜ್ಯ ಹಣಕಾಸು ಆಯೋಗದ ಅನುದಾನ ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ. ಮೊದಲನೆಯದನ್ನು ಎಲ್ಲರೂ ‘ಎಸ್‌ಎಫ್‌ಸಿ’ ಅಂತಾರೆ. ಅದರಲ್ಲಿ ವೇತನಕ್ಕೆ ಬೇರೆ, ಕರೆಂಟ್ ಬಿಲ್ಲಿಗೆ ಬೇರೆ, ಮುಕ್ತ ನಿಧಿ ಬೇರೆ. ವಾರ್ಡ್ ಕೆಲಸಕ್ಕೆ ಸಿಗುವುದು ಆ ಮುಕ್ತ ನಿಧಿ ಮಾತ್ರ. ಕೇಂದ್ರದ ದುಡ್ಡಿಗೂ ಕಟ್ಟುಪಾಡು ಇದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರುವ ನಗರಗಳು ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಇಡಬೇಕಿತ್ತು. ‘ಕೇಂದ್ರದಿಂದ ಕೋಟಿಗಟ್ಟಲೆ ಬಂದಿದೆ, ನಮ್ಮ ರಸ್ತೆಗೆ ಯಾಕಿಲ್ಲ’ ಅನ್ನುವವರಿಗೆ ಅರ್ಧ ಉತ್ತರ ಇಲ್ಲಿದೆ.

ತೆರಿಗೆ ರಸೀದಿಯಲ್ಲಿ ಸೆಸ್ ಅಂತ ಇದೆಯಲ್ಲ, ಅದೂ ವಾರ್ಡಿಗೇ ತಾನೇ?

ಇಲ್ಲ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3. ಇವನ್ನು ಪಾಲಿಕೆ ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಟಬೇಕು. ಬಜೆಟ್ ಪುಸ್ತಕದಲ್ಲಿ ಇದು ‘ಅಸಾಧಾರಣ ಸ್ವೀಕೃತಿ’ ಅಂತ ಬರುತ್ತದೆ, ಅಷ್ಟೇ ಮೊತ್ತ ‘ಅಸಾಧಾರಣ ಪಾವತಿ’ಯಲ್ಲೂ ಇರುತ್ತದೆ. ಗುತ್ತಿಗೆದಾರರು ಇಟ್ಟ ಠೇವಣಿಯೂ ಇದರಲ್ಲೇ. ಬಜೆಟ್‌ನ ಒಟ್ಟು ಗಾತ್ರ ದೊಡ್ಡದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಪೇಪರಿನಲ್ಲಿ ಬರುವ ಒಟ್ಟು ಮೊತ್ತ ನೋಡಿ ಬೆರಗಾಗಬೇಡಿ.

ಅಂದಹಾಗೆ, ಏಪ್ರಿಲ್‌ನಲ್ಲೇ ಪೂರ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಸುಮ್ನೆ ಬಿಡಬೇಡಿ.

ಬಜೆಟ್ ಬರೆಯುವವರು ಯಾರು?

ಮೊದಲ ಕರಡು ಲೆಕ್ಕ ವಿಭಾಗದಲ್ಲಿ ತಯಾರಾಗುತ್ತದೆ. ಪ್ರತಿ ವಿಭಾಗದಿಂದ ಬೇಡಿಕೆ ತರಿಸಿಕೊಂಡು ಆಯುಕ್ತರು ಅಂದಾಜು ಮಾಡುತ್ತಾರೆ. ಅದು ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿಗೆ ಬರುತ್ತದೆ. ಸಮಿತಿ ತಿದ್ದಿ ತೀಡಿ ಪಾಲಿಕೆ ಸಭೆಯ ಮುಂದಿಡುತ್ತದೆ. ಪೇಪರಿನಲ್ಲಿ ಸೂಟ್‌ಕೇಸ್ ಹಿಡಿದು ನಿಂತ ಫೋಟೊ ಬರುತ್ತದಲ್ಲ, ಅದು ಸಾಮಾನ್ಯವಾಗಿ ಈ ಸಮಿತಿಯ ಅಧ್ಯಕ್ಷರದ್ದು. ಚರ್ಚೆ ಆಗಿ, ಸಭೆ ಒಪ್ಪಿದ ಮೇಲೆ ಸರ್ಕಾರಕ್ಕೆ ಹೋಗುತ್ತದೆ. ಏಪ್ರಿಲ್ 1ರಿಂದ ಹೊಸ ವರ್ಷ.

ಇದರ ನಡುವೆ ಸಾರ್ವಜನಿಕರನ್ನು ಕರೆದು ಬಜೆಟ್ ಪೂರ್ವಭಾವಿ ಸಭೆ ಮಾಡುತ್ತಾರೆ. ಇದಕ್ಕೆ ಹೋಗುವವರು ಕಡಿಮೆ. ಹೋದವರೂ ಸಾಮಾನ್ಯವಾಗಿ ‘ನಗರಕ್ಕೆ ಒಂದು ಒಳ್ಳೆ ಕ್ರೀಡಾಂಗಣ ಬೇಕು’ ಅಂತ ದೊಡ್ಡ ಮಾತಾಡಿ ಬರುತ್ತಾರೆ. ‘ಇಂಥ ಕ್ರಾಸ್‌ನಲ್ಲಿ 80 ಮೀಟರ್ ಚರಂಡಿ ಇಲ್ಲ’ ಅಂತ ಬರೆದು ಕೊಟ್ಟರೆ ಅದಕ್ಕೆ ಬೆಲೆ ಜಾಸ್ತಿ. ಪುಣೆಯಲ್ಲಿ ಪಾಲಿಕೆಯೇ 2006ರಿಂದ ಇಂಥ ಸಣ್ಣ ಕೆಲಸಗಳ ಅರ್ಜಿಯನ್ನು ನಾಗರಿಕರಿಂದ ಪಡೆದು ಬಜೆಟ್‌ಗೆ ಸೇರಿಸುವ ಪದ್ಧತಿ ಶುರು ಮಾಡಿತು. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟಾಗಿ ಬೇರೂರಿಲ್ಲ. ಬೆಂಗಳೂರಿನಲ್ಲಿ, ಆಮೇಲೆ ಮಂಗಳೂರಿನಲ್ಲಿ ನಾಗರಿಕ ಸಂಸ್ಥೆಗಳು ಬಜೆಟ್‌ಗೆ ಜನರ ಸಲಹೆ ಕೂಡಿಸುವ ಅಭಿಯಾನ ಮಾಡಿವೆ.

‘ಉಳಿತಾಯ ಬಜೆಟ್’ ಅಂದರೆ ಪಾಲಿಕೆ ಲಾಭದಲ್ಲಿದೆ ಅಂತಲೇ?

ಅಲ್ಲ. ಬರುತ್ತದೆ ಅಂದುಕೊಂಡ ದುಡ್ಡಿನಲ್ಲಿ ಖರ್ಚಾಗುತ್ತದೆ ಅಂದುಕೊಂಡ ದುಡ್ಡು ಕಳೆದಾಗ ಏನೋ ಉಳಿದಿದೆ ಅಂತ ಅರ್ಥ, ಅಷ್ಟೇ. ಬಜೆಟ್ ಪುಸ್ತಕದಲ್ಲಿ ಹಿಂದಿನ ವರ್ಷದ ನೈಜ ಅಂಕಿ, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಪಕ್ಕಪಕ್ಕ ಇರುತ್ತವೆ. ಅಡ್ಡಡ್ಡ ಓದಿ. ಆಸ್ತಿ ತೆರಿಗೆ ಹೋದ ವರ್ಷ ಬಂದದ್ದಕ್ಕಿಂತ ಒಂದೂವರೆ ಪಟ್ಟು ಮುಂದಿನ ವರ್ಷ ಬರುತ್ತದೆ ಅಂತ ಬರೆದಿದ್ದರೆ, ಅಷ್ಟು ಹೇಗೆ ಅಂತ ಕೇಳಬೇಕು. ಬರುವ ದುಡ್ಡನ್ನು ಹಿಗ್ಗಿಸಿ ಬರೆದರೆ ಕೊನೆಗೆ ಕತ್ತರಿ ಬೀಳುವುದು ವಾರ್ಡ್ ಕೆಲಸಗಳಿಗೇ. ಸಂಬಳ, ಕರೆಂಟ್ ಬಿಲ್ಲು, ಕಸ ಸಾಗಣೆ ನಿಲ್ಲಿಸಲು ಆಗುವುದಿಲ್ಲ ಅಲ್ವಾ.

ನಮ್ಮ ಬೀದಿಯ ಕೆಲಸ ಯಾವಾಗ ಕೇಳಬೇಕು?

ದೀಪಾವಳಿ ಮುಗಿದ ಮೇಲೆ, ಸಂಕ್ರಾಂತಿಯ ಒಳಗೆ. ವಾರ್ಡ್ ಇಂಜಿನಿಯರ್‌ಗಳು ಮುಂದಿನ ವರ್ಷದ ಕೆಲಸಗಳನ್ನು ಗುರುತು ಹಾಕುವ ಸಮಯ ಅದು. ಯುಗಾದಿ ಹೊತ್ತಿಗೆ ಬಜೆಟ್ ಮುಗಿದಿರುತ್ತದೆ. ಮಳೆ ಶುರುವಾಗಿ ಮನೆಗೆ ನೀರು ನುಗ್ಗಿದಾಗ ಎಲ್ಲರೂ ಒಟ್ಟಿಗೆ ಹೋಗಿ ಗಲಾಟೆ ಮಾಡುತ್ತೇವೆ. ಆಗ ಸಿಗುವುದು ಜೆಸಿಬಿ ತಂದು ಹೂಳೆತ್ತುವುದು, ಮರಳಿನ ಮೂಟೆ ಹಾಕುವುದು. ಜೂನ್‌ನಲ್ಲಿ ಹೊಸ ಚರಂಡಿ ಕಟ್ಟಲು ಯಾರ ಹತ್ತಿರವೂ ಬಜೆಟ್‌ನಲ್ಲಿ ಇಟ್ಟ ದುಡ್ಡು ಇರುವುದಿಲ್ಲ.

ಆದರೆ ಮಳೆಗಾಲದಲ್ಲಿ ಮಾಡಲೇಬೇಕಾದ ಕೆಲಸ ಒಂದಿದೆ. ನೀರು ನಿಂತಾಗಲೇ ಫೋಟೊ, ವಿಡಿಯೊ ತೆಗೆದಿಡಿ. ಎಲ್ಲಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ, ಯಾರ ಕಾಂಪೌಂಡಿಗೆ ತಾಗಿ ನಿಲ್ಲುತ್ತದೆ ಅಂತ ಕಾಣಬೇಕು. ನವೆಂಬರ್‌ನಲ್ಲಿ ಇಂಜಿನಿಯರ್ ಸ್ಥಳಕ್ಕೆ ಬಂದಾಗ ರಸ್ತೆ ಒಣಗಿರುತ್ತದೆ. ‘ಇಲ್ಲೇನ್ರೀ ಸಮಸ್ಯೆ?’ ಅಂತಾರೆ. ಆಗ ಫೋನ್ ತೆಗೆದು ತೋರಿಸಬೇಕು.

ಬಜೆಟ್‌ನಲ್ಲಿ ನಮ್ಮ ರಸ್ತೆಗೆ ದುಡ್ಡು ಇಟ್ಟಿದ್ದರು. ಕೆಲಸ ಮಾತ್ರ ಆಗಲೇ ಇಲ್ಲ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬಜೆಟ್‌ನಲ್ಲಿ ಬರೆಯುವುದು ಅನುಮತಿ ಮಾತ್ರ. ಅಲ್ಲಿಂದ ರಸ್ತೆಗೆ ಡಾಂಬರು ಬೀಳುವವರೆಗೆ ಕಡತ ಬಹಳ ಮೇಜು ಹತ್ತಿ ಇಳಿಯುತ್ತದೆ.

ಮೊದಲು ಕ್ರಿಯಾಯೋಜನೆ. ಯಾವ ನಿಧಿಯಲ್ಲಿ ಯಾವ ಕೆಲಸ, ಎಷ್ಟು ಮೊತ್ತ ಅಂತ ಪಟ್ಟಿ ಮಾಡಿ ಅನುಮೋದನೆ ಪಡೆಯಬೇಕು. ಅನುದಾನ ನೋಡಿಕೊಂಡು ಇದು ಜಿಲ್ಲಾಧಿಕಾರಿಯವರೆಗೆ ಅಥವಾ ಸರ್ಕಾರದವರೆಗೂ ಹೋಗುತ್ತದೆ. ಕ್ರಿಯಾಯೋಜನೆಯಲ್ಲಿ ಹೆಸರಿಲ್ಲದ ಕೆಲಸಕ್ಕೆ ಮುಂದೆ ದಾರಿ ಇಲ್ಲ. ಬಜೆಟ್ ಭಾಷಣದಲ್ಲಿ ಬಂದು ಕ್ರಿಯಾಯೋಜನೆಯಲ್ಲಿ ಬಿಟ್ಟುಹೋದ ಕೆಲಸಗಳು ಬೇಕಾದಷ್ಟಿವೆ. ಹಾಗಾಗಿ ಕಾರ್ಪೊರೇಟರ್ ಸಿಕ್ಕಾಗ ‘ಬಜೆಟ್‌ನಲ್ಲಿ ಇಟ್ಟಿದ್ದೀರಾ?’ ಅಂತ ಕೇಳಬೇಡಿ. ‘ಕ್ರಿಯಾಯೋಜನೆಯಲ್ಲಿ ಕ್ರಮಸಂಖ್ಯೆ ಎಷ್ಟು?’ ಅಂತ ಕೇಳಿ. ಮಾತಿನ ವರಸೆಯೇ ಬದಲಾಗುತ್ತದೆ.

ಆಮೇಲೆ ಅಂದಾಜು ಪಟ್ಟಿ. ವಾರ್ಡಿನ ಕಿರಿಯ ಅಥವಾ ಸಹಾಯಕ ಇಂಜಿನಿಯರ್ ಎಸ್‌ಆರ್ ದರದಲ್ಲಿ, ಅಂದರೆ ಸರ್ಕಾರಿ ದರಪಟ್ಟಿಯಂತೆ, ಮಾಡುತ್ತಾರೆ. ಮೊತ್ತ ದೊಡ್ಡದಾದಷ್ಟೂ ತಾಂತ್ರಿಕ ಮಂಜೂರಾತಿ ಮೇಲಿನವರಿಂದ ಆಗಬೇಕು. ನಂತರ ಟೆಂಡರ್. ಐದು ಲಕ್ಷ ರೂಪಾಯಿಗಿಂತ ಮೇಲಿನ ಕಾಮಗಾರಿಗೆ 1999ರ ಕೆಟಿಪಿಪಿ ಕಾಯ್ದೆಯಂತೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ) ಟೆಂಡರ್ ಕರೆಯಲೇಬೇಕು. ಅದರೊಳಗಿನದು ಟೆಂಡರ್ ಇಲ್ಲದೆ ಕೊಡುವ ತುಂಡು ಗುತ್ತಿಗೆ. ಒಂದೇ ಬೀದಿಯ ಒಂದೇ ಚರಂಡಿ ‘ಭಾಗ 1’, ‘ಭಾಗ 2’, ‘ಭಾಗ 3’ ಅಂತ ನಾಲ್ಕು ಲಕ್ಷ ತೊಂಬತ್ತು ಸಾವಿರದ ಮೂರು ಕೆಲಸವಾಗಿ ಕಂಡರೆ ಅರ್ಥ ಮಾಡಿಕೊಳ್ಳಿ. ಹಾಗೆ ಒಡೆಯುವುದಕ್ಕೆ ಕಾಯ್ದೆಯಲ್ಲಿ ಅವಕಾಶ ಇಲ್ಲ.

ಇನ್ನೂ ಒಂದು ಕಾರಣ ಇದೆ, ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಹಳೇ ಬಿಲ್ಲು ಬಾಕಿ. ಮಾಡಿದ ಕೆಲಸಕ್ಕೆ ದುಡ್ಡು ಬರದೆ ಗುತ್ತಿಗೆದಾರರು ವರ್ಷಗಟ್ಟಲೆ ಕಾದಿದ್ದರೆ ಹೊಸ ಟೆಂಡರಿಗೆ ಯಾರೂ ಬರುವುದಿಲ್ಲ. ಬಂದವರು ಆ ಕಾಯುವ ಖರ್ಚನ್ನೂ ಸೇರಿಸಿ ದರ ಹಾಕುತ್ತಾರೆ, ಇಲ್ಲವೇ ಕೆಲಸದಲ್ಲಿ ಉಳಿಸುತ್ತಾರೆ. ಈ ವರ್ಷದ ದುಡ್ಡಿನಲ್ಲಿ ದೊಡ್ಡ ಪಾಲು ಹೋದ ವರ್ಷದ ಮುಂದುವರಿದ ಕಾಮಗಾರಿಗಳಿಗೆ ಹೋಗುತ್ತದೆ. ಒಳ್ಳೆ ಕಾರ್ಪೊರೇಟರ್ ಯಾರು ಅಂತ ನನ್ನನ್ನು ಕೇಳಿದರೆ, ಬಾಕಿ ಬಿಲ್ಲಿನ ಪಟ್ಟಿ ಸಭೆಯ ಮುಂದಿಡಿ ಅಂತ ಪಟ್ಟು ಹಿಡಿಯುವವರು ಅಂತೇನೆ. ಅಂಥವರಿಗೆ ಚಪ್ಪಾಳೆ ಬೀಳುವುದಿಲ್ಲ ಅನ್ನುವುದೂ ನಿಜ.

ಶೇ 24.10ರ ನಿಧಿಯಲ್ಲಿ ನಮ್ಮ ಲೇಔಟಿನ ರಸ್ತೆ ಮಾಡಿಸಬಹುದೇ?

ಅದು ಪಾಲಿಕೆಯ ದುಡ್ಡಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಿಟ್ಟ ಪಾಲು. ಅವರು ವಾಸ ಇರುವ ಕಾಲೊನಿಯ ಕೆಲಸಕ್ಕೆ, ವಿದ್ಯಾರ್ಥಿಗಳ ಸಹಾಯಧನದಂಥ ವೈಯಕ್ತಿಕ ಸೌಲಭ್ಯಕ್ಕೆ ಬಳಸಬೇಕು. ಇತರ ಹಿಂದುಳಿದ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಬೇರೆ ಇದೆ. ಬೇರೆ ಬಡಾವಣೆಯ ರಸ್ತೆಗೆ ಇದನ್ನು ತಿರುಗಿಸಿ ಅಂತ ಕೇಳುವುದೇ ತಪ್ಪು. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಮಾರ್ಚ್ ಹೊತ್ತಿಗೆ ಇದರಲ್ಲಿ ಎಷ್ಟು ಖರ್ಚಾಗದೆ ಉಳಿದಿದೆ? ನಿಮ್ಮ ವಾರ್ಡಿನಲ್ಲಿ ಪೌರಕಾರ್ಮಿಕರ ಕಾಲೊನಿ ಇದ್ದರೆ ಅಲ್ಲಿಗೆ ಹೋಗಿ ಈ ವಿಷಯ ತಿಳಿಸಿ. ಅರ್ಜಿ ಕರೆದದ್ದೇ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ.

ಸ್ಥಾಯಿ ಸಮಿತಿಗಳು ಎಷ್ಟು?

ನಾಲ್ಕು. ತೆರಿಗೆ, ಹಣಕಾಸು ಮತ್ತು ಅಪೀಲು; ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ಪಟ್ಟಣ ಯೋಜನೆ ಮತ್ತು ಸುಧಾರಣೆ; ಲೆಕ್ಕಪತ್ರ. ಕೊನೆಯದಕ್ಕೆ ಹೋಗಲು ಯಾರಿಗೂ ಮನಸ್ಸಿರುವುದಿಲ್ಲ. ನೋಡಬೇಕಾದ್ದೆಲ್ಲ ಇರುವುದು ಅಲ್ಲೇ.

ವಾರ್ಡ್ ಸಮಿತಿ ಅಂದರೇನು? ಅದರಿಂದ ಏನಾದರೂ ಪ್ರಯೋಜನ ಇದೆಯೇ?

74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗಲೇ ಸಂವಿಧಾನದಲ್ಲಿ ಸೇರಿದ ವಿಷಯ ಇದು. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು. ಕರ್ನಾಟಕದ ನಿಯಮದಂತೆ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ತಿಂಗಳಿಗೊಮ್ಮೆ ಸಭೆ. ವಾರ್ಡಿನ ಯೋಜನೆ ತಯಾರಿಸುವುದು, ಕೆಲಸದ ಮೇಲೆ ಕಣ್ಣಿಡುವುದು ಇದರ ಜವಾಬ್ದಾರಿ.

ಕಾಗದದಲ್ಲಿ ಇಷ್ಟು ಚೆನ್ನಾಗಿದ್ದರೂ ಸಮಿತಿ ರಚಿಸಲು ಪಾಲಿಕೆಗಳಿಗೆ ಉತ್ಸಾಹ ಇರಲಿಲ್ಲ. ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2021ರಲ್ಲಿ ಸಮಿತಿಗಳು ರಚನೆಯಾದವು. ಕಾರ್ಪೊರೇಟರ್‌ಗಳಿಗೆ ಒಂದು ಭಯ ಇರುತ್ತದೆ: ಈ ಹತ್ತು ಜನ ನಾಳೆ ನನಗೇ ಎದುರಾಳಿ ಆದರೆ? ಕೆಲವು ಕಡೆ ಸಮಿತಿಯಲ್ಲಿ ಇರುವವರೆಲ್ಲ ಪಕ್ಷದ ಕಾರ್ಯಕರ್ತರೇ ಆಗಿರುವುದಕ್ಕೆ ಇದೇ ಕಾರಣ.

ಪ್ರಯೋಜನ ಇದೆಯೇ ಅಂದರೆ, ನಡಾವಳಿ ಬರೆದರೆ ಇದೆ. ಸಭೆಯಲ್ಲಿ ಎರಡು ಗಂಟೆ ಜೋರಾಗಿ ಮಾತಾಡಿ, ಚಹಾ ಬಿಸ್ಕತ್ ತಿಂದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬಂದರೆ ಏನೂ ಆಗುವುದಿಲ್ಲ. ‘7ನೇ ಕ್ರಾಸ್ ಮೋರಿ: ಅಂದಾಜು ಪಟ್ಟಿ ಮುಂದಿನ ಸಭೆಯೊಳಗೆ, ಹೊಣೆ: ಸಹಾಯಕ ಇಂಜಿನಿಯರ್’ ಅಂತ ಬರೆಸಿ. ಮುಂದಿನ ತಿಂಗಳು ಆ ಸಾಲನ್ನು ಮೊದಲು ಓದಿಸಿ. ಇಂಜಿನಿಯರ್ ಮೊದಲ ಸಲ ‘ಮಾಡ್ತೀವಿ ಸರ್’ ಅಂತಾರೆ, ಎರಡನೇ ಸಲ ಕಾರಣ ಹೇಳುತ್ತಾರೆ, ಮೂರನೇ ಸಲ ಕಾಗದ ತರುತ್ತಾರೆ.

ಕಾರ್ಪೊರೇಟರ್ ಹತ್ತಿರ ಹೋಗಬೇಕೋ, ಎಂಎಲ್‌ಎ ಹತ್ತಿರ ಹೋಗಬೇಕೋ?

ಒಳರಸ್ತೆ, ಚರಂಡಿ, ಬೀದಿ ದೀಪ, ಕಸ, ಪಾರ್ಕು ಕಾರ್ಪೊರೇಟರ್ ವ್ಯಾಪ್ತಿ. ಸರ್ಕಾರದ ವಿಶೇಷ ಅನುದಾನ, ನಗರೋತ್ಥಾನದಂಥ ಯೋಜನೆಯಲ್ಲಿ ಯಾವ ರಸ್ತೆ ಬರಬೇಕು ಅನ್ನುವುದರಲ್ಲಿ ಶಾಸಕರ ಮಾತು ನಡೆಯುತ್ತದೆ. ಶಾಸಕರು, ಸಂಸದರು ಪಾಲಿಕೆಯ ಪದನಿಮಿತ್ತ ಸದಸ್ಯರು ಕೂಡ. ಮೇಯರ್ ಚುನಾವಣೆಯಲ್ಲಿ ಅವರಿಗೆ ಮತ ಇದೆ. ನಾಮನಿರ್ದೇಶಿತ ಸದಸ್ಯರಿಗೆ ಇಲ್ಲ. ಕಾರ್ಪೊರೇಟರ್, ಶಾಸಕರು ಬೇರೆ ಬೇರೆ ಪಕ್ಷದವರಾದರೆ ಒಂದೇ ರಸ್ತೆಗೆ ಎರಡು ಗುದ್ದಲಿ ಪೂಜೆ ಆಗುವುದೂ ಉಂಟು. ಎರಡು ಸಲ ಪೂಜೆ ಆದರೂ ಪರವಾಗಿಲ್ಲ. ಒಂದೇ ಕೆಲಸಕ್ಕೆ ಎರಡು ಬಿಲ್ಲು ಆಗದಂತೆ ನೋಡಿಕೊಳ್ಳಿ.

ನೀರು, ಕರೆಂಟ್, ಮರ ಇವೆಲ್ಲ ಯಾರ ಕೆಲಸ?

ನೀರಿನದು ಊರಿಂದ ಊರಿಗೆ ಬೇರೆ. ಮೈಸೂರಿನಲ್ಲಿ ಪಾಲಿಕೆಯ ವಾಣಿ ವಿಲಾಸ ನೀರು ಸರಬರಾಜು ವಿಭಾಗ ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಜಲಮಂಡಳಿ. ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಸರಬರಾಜು ಕಂಪನಿಯದು (ಎಸ್ಕಾಂ), ಕಂಬದ ಮೇಲಿನ ಬೀದಿ ದೀಪ ಪಾಲಿಕೆಯದು. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾರ್ಪೊರೇಟರ್ ಬಾಯಿಮಾತಿಗೆ ಕಡಿಸಿದರೆ ಕೇಸು ಕಡಿಸಿದವರ ಮೇಲೆ.

ಇದಕ್ಕಿಂತ ದೊಡ್ಡ ತಲೆನೋವು ಖಾಸಗಿ ಲೇಔಟುಗಳದ್ದು. ಲೇಔಟ್ ಮಾಡಿದವರು ರಸ್ತೆ, ಚರಂಡಿ, ಒಳಚರಂಡಿ (ಯುಜಿಡಿ) ಮುಗಿಸಿ ಪಾಲಿಕೆಗೆ ಹಸ್ತಾಂತರ ಮಾಡಬೇಕು. ಬಹಳ ಕಡೆ ಸೈಟ್ ಮಾರಿ ಮುಗಿದರೂ ಹಸ್ತಾಂತರ ಆಗಿರುವುದಿಲ್ಲ. ಅಲ್ಲಿಯವರೆಗೆ ಪಾಲಿಕೆ ಅಲ್ಲಿ ದುಡ್ಡು ಹಾಕುವಂತಿಲ್ಲ. ಕಾರ್ಪೊರೇಟರನ್ನು ಬೈದು ಉಪಯೋಗವಿಲ್ಲ. ಮೊದಲು ಹಸ್ತಾಂತರದ ಕಡತ ಎಲ್ಲಿ ನಿಂತಿದೆ ಅಂತ ಹುಡುಕಿ.

ರಸ್ತೆ ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು?

ಇಂಜಿನಿಯರಿಂಗ್ ಓದಿರಬೇಕಿಲ್ಲ. ಅಂದಾಜು ಪಟ್ಟಿಯ ಪ್ರತಿ ಒಂದು ಕೈಯಲ್ಲಿರಲಿ. ಉದಾಹರಣೆಗೆ 100 ಮೀಟರ್ ಉದ್ದ, 5 ಮೀಟರ್ ಅಗಲದ ರಸ್ತೆಗೆ 30 ಮಿ.ಮೀ. ದಪ್ಪ ಡಾಂಬರು ಅಂತ ಇದೆ ಅನ್ನಿ. ಗುಣಿಸಿದರೆ 15 ಘನ ಮೀಟರ್. ಒತ್ತಿ ಕೂರಿಸಿದ ಡಾಂಬರು ಮಿಶ್ರಣ ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. ಅಂದರೆ ಹತ್ತಿರ ಹತ್ತಿರ 35 ಟನ್. ಅಷ್ಟು ಬೀಳಬೇಕಾದರೆ ಮೂರು ಟಿಪ್ಪರ್ ಲೋಡಾದರೂ ಬರಬೇಕು. ಒಂದೇ ಗಾಡಿ ಬಂದು ಹೋಗಿದ್ದರೆ ಕೇಳಿ. ದಪ್ಪ ಅಳೆಯುವುದು ರೋಲರ್ ಓಡಿದ ಮೇಲೆ, ಮೊದಲಲ್ಲ. ಪಟ್ಟಿಯಲ್ಲಿ ಟ್ಯಾಕ್ ಕೋಟ್ ಅಂತ ಇದ್ದರೆ ಹಳೇ ರಸ್ತೆ ಗುಡಿಸಿ, ಅದರ ಮೇಲೆ ತೆಳುವಾಗಿ ಡಾಂಬರು ಸಿಂಪಡಿಸಿರಬೇಕು. ಧೂಳಿನ ಮೇಲೆಯೇ ಹಾಕಿದರೆ ಮೊದಲ ಮಳೆಗೆ ಸಿಪ್ಪೆ ಏಳುತ್ತದೆ.

ಹಳೇ ಪದರ ಕೆರೆದು ಹಾಕುತ್ತಾರೋ ಇಲ್ಲವೋ ಅಂತಲೂ ಮೊದಲೇ ಕೇಳಿ. ಇದು ಸಣ್ಣ ವಿಷಯ ಅಲ್ಲ. ಕೆರೆಯದೆ ಪ್ರತಿ ಸಲ ಮೇಲೆ ಮೇಲೆ ಹಾಕಿದರೆ ರಸ್ತೆ ಏರುತ್ತಾ ಹೋಗುತ್ತದೆ, ಮನೆ ಇಳಿಯುತ್ತಾ ಹೋಗುತ್ತದೆ. ನಮ್ಮ ಬೀದಿಯ ಹಳೇ ಮನೆಗಳಿಗೆ ಮೊದಲು ಎರಡು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಈಗ ಗೇಟಿನಿಂದ ಒಂದು ಮೆಟ್ಟಿಲು ಇಳಿಯಬೇಕು. ಮಳೆ ನೀರಿಗೂ ಅದೇ ದಾರಿ.

ಚರಂಡಿಯ ಪರೀಕ್ಷೆ ಇನ್ನೂ ಸುಲಭ. ಮೇಲೆ ಚಪ್ಪಡಿ ಮುಚ್ಚುವ ಮೊದಲು ಒಂದು ತುದಿಯಲ್ಲಿ ನಾಲ್ಕು ಬಕೆಟ್ ನೀರು ಸುರಿಯಿರಿ. ನೀರು ಇನ್ನೊಂದು ತುದಿಗೆ ಹೋಗದೆ ನಡುವೆ ನಿಂತರೆ ಇಳಿಜಾರು ಸರಿ ಇಲ್ಲ. ಗುತ್ತಿಗೆದಾರರ ಎದುರಿಗೇ, ಕಾರ್ಪೊರೇಟರನ್ನೂ ಕರೆಸಿ ಇದನ್ನು ಮಾಡಿ. ಬಿಲ್ಲು ಆಗುವುದು ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದ ಮೇಲೆ, ಅದಕ್ಕಿಂತ ಮೊದಲು ಲಿಖಿತ ದೂರು ಕಡತ ಸೇರಿದ್ದರೆ ಯಾರೂ ಸುಲಭಕ್ಕೆ ಸಹಿ ಹಾಕುವುದಿಲ್ಲ. ಬಿಲ್ಲಾದ ಮೇಲೂ ದೋಷ ಹೊಣೆ ಅವಧಿ ಅಂತ ಇರುತ್ತದೆ. ಅಷ್ಟರಲ್ಲಿ ಕೆಟ್ಟರೆ ಗುತ್ತಿಗೆದಾರರೇ ರಿಪೇರಿ ಮಾಡಿಕೊಡಬೇಕು. ಆ ಅವಧಿ ಎಷ್ಟು ಅಂತ ಟೆಂಡರ್ ಕಾಗದದಲ್ಲಿ ಬರೆದಿರುತ್ತದೆ.

ಹೊಸ ಡಾಂಬರು ಹಾಕಿದ ತಿಂಗಳಿಗೇ ಪೈಪಿಗೆ ಅಂತ ಅಗೆದರು. ಇದಕ್ಕೆ ಹೇಳುವವರು ಕೇಳುವವರು ಇಲ್ಲವೇ?

ಅಗೆಯಲು ಪಾಲಿಕೆಯ ಅನುಮತಿ ಬೇಕು, ರಿಪೇರಿಯ ದುಡ್ಡು ಮೊದಲೇ ಕಟ್ಟಬೇಕು. ಕಟ್ಟಿರುತ್ತಾರೆ ಕೂಡ. ಆ ದುಡ್ಡು ಪಾಲಿಕೆಯ ಖಾತೆಗೆ ಸೇರಿ ಬೇರೆ ಖರ್ಚಿನಲ್ಲಿ ಕರಗಿ ಹೋಗುತ್ತದೆ. ನಿಮ್ಮ ರಸ್ತೆಗೆ ಎಷ್ಟು ಕಟ್ಟಿದ್ದಾರೆ ಅಂತ ಕೇಳಿಸಿ. ಡಾಂಬರಿಗೆ ಮೊದಲು ನೀರು, ಯುಜಿಡಿ, ಗ್ಯಾಸ್, ಕೇಬಲ್ ನಾಲ್ಕೂ ಕಡೆಯವರನ್ನು ಒಂದು ದಿನ ವಾರ್ಡ್ ಸಭೆಗೆ ಕರೆಸಿ ‘ಅಗೆಯುವುದಿದ್ದರೆ ಈಗಲೇ ಅಗೆಯಿರಿ’ ಅನ್ನುವ ಕಾರ್ಪೊರೇಟರ್‌ಗಳೂ ಇದ್ದಾರೆ.

ಮ್ಯಾನ್‌ಹೋಲ್ ತುಂಬಿ ಹರಿಯುತ್ತಿದೆ. ಯಾರನ್ನಾದರೂ ಇಳಿಸಿ ತೆಗೆಸಿ ಅಂದರೆ ಆಗುವುದಿಲ್ಲ ಅಂತಾರೆ.

ಆಗುವುದಿಲ್ಲ. ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಜೆಟ್ಟಿಂಗ್ ಮಷಿನ್ ಬರುವವರೆಗೆ ಕಾಯಬೇಕು. ಇನ್ನೂರು ರೂಪಾಯಿ ಕೊಟ್ಟು ನೀವೇ ಯಾರನ್ನೋ ಇಳಿಸಿದರೆ ನೀವೂ ಅಪರಾಧಿ. ನಿಮ್ಮ ವಾರ್ಡಿಗೆ ಮಷಿನ್ ಸಾಲುತ್ತಿಲ್ಲ ಅಂದರೆ ಅದು ಬಜೆಟ್‌ನಲ್ಲಿ ಕೇಳಬೇಕಾದ ವಿಷಯ.

ಓಪನ್ ಜಿಮ್, ಸ್ವಾಗತ ಕಮಾನು ಕೇಳಿದರೆ ಬೇಗ ಕೊಡುತ್ತಾರೆ. ಚರಂಡಿ ಕೇಳಿದರೆ ಇಲ್ಲ. ಯಾಕೆ?

ಕಮಾನಿನ ಮೇಲೆ ಹೆಸರು ಬರೆಯಬಹುದು. ಚರಂಡಿಯೊಳಗೆ ಬರೆಯಲಾಗುವುದಿಲ್ಲ. ಇದರಲ್ಲಿ ನಮ್ಮ ತಪ್ಪೂ ಇದೆ, ಉದ್ಘಾಟನೆಗೆ ಹಾರ ಹಿಡಿದು ಹೋಗುವವರು ನಾವೇ. ಹೊಸ ಪಾರ್ಕು ಕೇಳುವ ಮೊದಲು ಈಗಿರುವ ಪಾರ್ಕಿನ ನಿರ್ವಹಣೆಗೆ ಬಜೆಟ್‌ನಲ್ಲಿ ಎಷ್ಟಿದೆ ನೋಡಿ.

ಕಾರ್ಪೊರೇಟರ್ ಅಥವಾ ಅವರ ಮನೆಯವರು ಪಾಲಿಕೆಯ ಗುತ್ತಿಗೆ ತೆಗೆದುಕೊಳ್ಳಬಹುದೇ?

ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇದ್ದರೆ ಸದಸ್ಯತ್ವಕ್ಕೇ ಕುತ್ತು. ಪ್ರತಿ ವರ್ಷ ತಮ್ಮ ಮತ್ತು ಕುಟುಂಬದ ಆಸ್ತಿ ವಿವರವನ್ನೂ ಕೊಡಬೇಕು. ಬೇರೆ ಹೆಸರಿನಲ್ಲಿ ನಡೆಯುವುದನ್ನು ಸಾಬೀತು ಮಾಡುವುದು ಕಷ್ಟ ಅನ್ನುವುದು ನಿಮಗೂ ಗೊತ್ತು.

ಇನ್ನು ಮಹಿಳಾ ಸದಸ್ಯೆಯರ ಗಂಡಂದಿರ ವಿಷಯ. ನಗರ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ. ‘ಮೇಡಂ ಮನೆಯವರು’ ಸಭೆ ನಡೆಸುವುದನ್ನು ನಾವೇ ಸಹಜ ಮಾಡಿಬಿಟ್ಟಿದ್ದೇವೆ. ಫೋನ್ ಮಾಡಿದಾಗ ಗಂಡ ಎತ್ತಿದರೆ ‘ಅಕ್ಕನಿಗೆ ಕೊಡಿ’ ಅನ್ನಿ. ಅವರಿಗೂ ವಿಷಯ ಗೊತ್ತಿರುತ್ತದೆ, ಎಷ್ಟೋ ಸಲ ನೀರು ನಿಲ್ಲುವ ಜಾಗ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮೂರಲ್ಲಿ ಈಗ ಕಾರ್ಪೊರೇಟರೇ ಇಲ್ಲ. ಯಾರನ್ನು ಕೇಳಬೇಕು?

ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅನ್ನುತ್ತದೆ ಸಂವಿಧಾನ. ನಡೆಯುವುದು ಬೇರೆ. ಬೆಂಗಳೂರಿನಲ್ಲಿ 198 ವಾರ್ಡ್‌ಗಳ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಅಧಿಕಾರಿಗಳೇ ಬಜೆಟ್ ಮಂಡಿಸಿದರು. 2025-26ರ 19,927 ಕೋಟಿ ರೂಪಾಯಿ ಬಜೆಟ್ಟೂ ಚುನಾಯಿತ ಸದಸ್ಯರಿಲ್ಲದೆಯೇ ಮಂಡನೆಯಾಯಿತು. ಗ್ರೇಟರ್ ಬೆಂಗಳೂರು ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಯಿತು. ಮೈಸೂರಿನ ಕೌನ್ಸಿಲ್ ಅವಧಿ 2023ರ ನವೆಂಬರ್‌ನಲ್ಲಿ, ಮಂಗಳೂರಿನದು 2025ರ ಫೆಬ್ರುವರಿಯಲ್ಲಿ ಮುಗಿದು ಆಡಳಿತಾಧಿಕಾರಿ ಬಂದರು.

ಇಂಥ ಹೊತ್ತಿನಲ್ಲಿ ವಲಯ ಕಚೇರಿಯೇ ಗತಿ. ಮನವಿಯನ್ನು ಆಯುಕ್ತರಿಗೂ ಆಡಳಿತಾಧಿಕಾರಿಗೂ ಕೊಡಿ. ಕೆಲಸ ಆಗಬಹುದು, ಕೆಲವೊಮ್ಮೆ ಬೇಗವೂ ಆಗಬಹುದು. ಆದರೆ ಆಗದಿದ್ದಾಗ ಸಭೆಯಲ್ಲಿ ಎದ್ದು ನಿಂತು ‘ಯಾಕೆ’ ಅಂತ ಕೇಳುವವರು ಇರುವುದಿಲ್ಲ.

ನಗರಸಭೆ, ಪುರಸಭೆಗೂ ಇದೇ ನಿಯಮವೇ?

ಅವಕ್ಕೆ 1964ರ ಪುರಸಭೆಗಳ ಕಾಯ್ದೆ. ಮೇಯರ್ ಬದಲು ಅಧ್ಯಕ್ಷರು. ಬಜೆಟ್, ಕ್ರಿಯಾಯೋಜನೆ, ಟೆಂಡರ್ ದಾರಿ ಬಹುತೇಕ ಒಂದೇ. ಊರು ಚಿಕ್ಕದಾದಷ್ಟೂ ಸದಸ್ಯರು ಸುಲಭಕ್ಕೆ ಸಿಗುತ್ತಾರೆ, ದುಡ್ಡು ಸಿಗುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ ಏನು ಕೇಳಬೇಕು?

ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಅಂತ ನಿಯಮ ಇದೆ. ಹಾಗಾಗಿ ‘ವಾರ್ಡಿನ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಅಂತ ಕೇಳಬೇಡಿ. ಒಂದು ಕೆಲಸ ಹಿಡಿಯಿರಿ. ಅದರ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟ, ಬಿಲ್ಲು, ಇಷ್ಟು ಕೇಳಿ. ಅರ್ಜಿ ಹಾಕುವ ಮೊದಲು ಕಾರ್ಪೊರೇಟರಿಗೆ ಒಂದು ಮಾತು ಹೇಳಿ. ಎಷ್ಟೋ ಸಲ ಅವರಿಗೂ ಆ ಕಾಗದ ಸಿಕ್ಕಿರುವುದಿಲ್ಲ.

ಮನವಿ ಹೇಗೆ ಬರೆಯಬೇಕು?

ಚಿಕ್ಕದಾಗಿ. ‘ನಾಗರಿಕರು ನರಕಯಾತನೆ ಅನುಭವಿಸುತ್ತಿದ್ದು’ ಅಂತ ಶುರು ಮಾಡಿದರೆ ಓದುವವರು ಅಲ್ಲೇ ಬಿಡುತ್ತಾರೆ. ಒಂದು ಮನವಿಯಲ್ಲಿ ಒಂದೇ ಕೆಲಸ ಇರಲಿ. ಹೀಗೆ ಬರೆದರೆ ಸಾಕು:

‘ಮಾನ್ಯ ವಾರ್ಡ್ ಸದಸ್ಯರಿಗೆ. ವಿಷಯ: 7ನೇ ಕ್ರಾಸ್, ಹಾಲಿನ ಬೂತಿನಿಂದ ಸರ್ಕಾರಿ ಶಾಲೆವರೆಗೆ ಚರಂಡಿ. ಎಡಬದಿಯಲ್ಲಿ ಸುಮಾರು 80 ಮೀಟರ್ ಚರಂಡಿ ಇಲ್ಲ. ಮಳೆ ಬಂದಾಗ 11 ಮನೆಗಳಿಗೆ ನೀರು ನುಗ್ಗುತ್ತದೆ, ಫೋಟೊ ಲಗತ್ತಿಸಿದೆ. ಕೊನೆಯ ತುದಿಯಲ್ಲಿ ದೊಡ್ಡ ಮೋರಿ ಇದೆ, ಅದಕ್ಕೆ ಸೇರಿಸಬಹುದು. ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿಸಿ, ಸ್ಥಳ ಪರಿಶೀಲನೆಯ ದಿನ ನಮಗೆ ತಿಳಿಸಬೇಕೆಂದು ಕೋರಿಕೆ.’

ಕೆಳಗೆ ಆ ಹನ್ನೊಂದು ಮನೆಯವರ ಸಹಿ, ಮನೆ ನಂಬರ್, ಫೋನ್ ಇರಲಿ. ಒಂದು ಪ್ರತಿ ಸಹಾಯಕ ಇಂಜಿನಿಯರಿಗೆ, ಒಂದು ಆಯುಕ್ತರ ಕಚೇರಿಯ ಟಪಾಲು ವಿಭಾಗಕ್ಕೆ. ಟಪಾಲಿನಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಂಡೇ ಹೊರಗೆ ಬನ್ನಿ. ಸಂಜೆ ಐದೂವರೆ ಮೇಲೆ ಹೋದರೆ ನಾಳೆ ಬನ್ನಿ ಅಂತಾರೆ, ಮಧ್ಯಾಹ್ನದ ಊಟದೊಳಗೆ ಹೋಗಿ.